ಬಿಎಸ್‌ಸಿ ಮುಗಿಸಿದ ಮೇಲೆ ಡಾಕ್ಟರ್ ಆಗಬಹುದೇ? ಮುಂಬಯಿಯಲ್ಲಿ ಗೊತ್ತಿದ್ದವರು ದಯವಿಟ್ಟು ಹೇಳಿ

ಭಾಂಡುಪ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಮುಂಬಯಿ ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ಬಿಎಸ್‌ಸಿ ಮುಗಿಸಿ ಎರಡು ವರ್ಷದಿಂದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ.

ಹೋದ ತಿಂಗಳು ರಾತ್ರಿ ಪಾಳಿಯಲ್ಲಿದ್ದೆ. 9 ದಿನದ ಮಗುವಿನ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ನೋಡುವ ಪರೀಕ್ಷೆ) ಬಾಟಲಿ ಮೆಶಿನ್‌ನಲ್ಲಿ ಪಾಸಿಟಿವ್ ಬಂತು. ಗ್ರಾಂ ಸ್ಟೇನ್ ಮಾಡಿ ನೋಡಿದೆ, ಗ್ರಾಂ ನೆಗೆಟಿವ್ ಬ್ಯಾಸಿಲೈ, ಒಂದು ಬಗೆಯ ಬ್ಯಾಕ್ಟೀರಿಯಾ. ತಕ್ಷಣ ವಾರ್ಡಿಗೆ ಫೋನ್ ಮಾಡಿದೆ. ಆ ಕಡೆಯ ಡಾಕ್ಟರು "ಸರಿ, ಆಂಟಿಬಯಾಟಿಕ್ ಬದಲಾಯಿಸುತ್ತೇವೆ" ಎಂದು ಫೋನ್ ಇಟ್ಟರು. ಆ ಮಗು ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ಮನಸ್ಸು ಒಂದೇ ಕಡೆ ಇದೆ. ಫೋನಿನ ಆ ಕಡೆ ನಾನು ಇರಬೇಕಿತ್ತು ಅನಿಸುತ್ತದೆ.

ಬಿಎಸ್‌ಸಿ ಆದವರಿಗೆ ಎಂಬಿಬಿಎಸ್‌ಗೆ ಏನಾದರೂ ಬೇರೆ ದಾರಿ ಇದೆಯೇ? ವಯಸ್ಸು ಮೀರಿತೇ? ಇನ್ನೊಂದು ತೊಡಕು ಇದೆ. 10ನೇ ತರಗತಿಯವರೆಗೆ ಓದಿದ್ದು ಮುಂಬಯಿಯಲ್ಲಿ. ಆಮೇಲೆ ಊರಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಜೊತೆ ಇರಲು ಕಾರ್ಕಳಕ್ಕೆ ಹೋದೆ, ಪಿಯುಸಿ ಎರಡು ವರ್ಷ ಅಲ್ಲೇ ಆಯಿತು. ಈಗ ನಾನು ಯಾವ ರಾಜ್ಯದ ಲೆಕ್ಕಕ್ಕೆ ಬರುತ್ತೇನೆ? ಅಪ್ಪ ಮುಲುಂಡ್‌ನ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಾರೆ. ಖಾಸಗಿ ಕಾಲೇಜಿನ ಫೀಸು ನಮ್ಮಿಂದ ಆಗುವುದಿಲ್ಲ.

ಥಾಣೆ ನಿವಾಸಿ

ಡಿಪ್ಲೊಮಾ ಆದವರು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರುತ್ತಾರಲ್ಲ, ಹಾಗೆ ಬಿಎಸ್‌ಸಿಯವರಿಗೂ ಎಂಬಿಬಿಎಸ್ ಎರಡನೇ ವರ್ಷಕ್ಕೆ ಅವಕಾಶ ಇದೆ ಅಂತ ನಮ್ಮ ಅಣ್ಣನ ಮಗ ಹೇಳುತ್ತಿದ್ದ. ಕೇಳಿ ನೋಡಿ.

ಸಯನ್ ಇಂಟರ್ನ್

ಇಲ್ಲ ಅಣ್ಣ, ಅದು ತಪ್ಪು. ನಮ್ಮ ದೇಶದಲ್ಲಿ ಎಂಬಿಬಿಎಸ್‌ಗೆ ಇರುವುದು ಒಂದೇ ಬಾಗಿಲು, ನೀಟ್. ಬಿಎಸ್‌ಸಿ, ಎಂಎಸ್‌ಸಿ, ಪಿಎಚ್‌ಡಿ ಏನೇ ಇರಲಿ, 18ರ ಮಕ್ಕಳ ಪಕ್ಕದಲ್ಲೇ ಕೂತು ಅದೇ ಪೇಪರ್ ಬರೆಯಬೇಕು. ಸೇರಿದ ಮೇಲೂ ಮೊದಲ ವರ್ಷದಿಂದಲೇ ಶುರು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಒಂದು ತಿಂಗಳೂ ಕಡಿಮೆ ಮಾಡುವುದಿಲ್ಲ.

ತಂಗಿ, ನಿಮ್ಮ ಅರ್ಹತೆಗೆ ತೊಂದರೆ ಇಲ್ಲ. 12ರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇದ್ದು, ಆ ಮೂರು ವಿಜ್ಞಾನ ವಿಷಯ ಸೇರಿಸಿ ಶೇ 50 ಬಂದಿದ್ದರೆ ಸಾಕು. ಮೀಸಲಾತಿ ಇದ್ದವರಿಗೆ ಶೇ 40. ಬಿಎಸ್‌ಸಿ ಅಂಕವನ್ನು ಯಾರೂ ಕೇಳುವುದಿಲ್ಲ.

ಡೊಂಬಿವಲಿ ಅಮ್ಮ

ಆದರೆ 25 ದಾಟಿದರೆ ಬರೆಯುವ ಹಾಗಿಲ್ಲ ಅಲ್ವಾ? ಅಂದರೆ ಇವಳಿಗೆ ಇರುವುದು ಒಂದೆರಡು ಅವಕಾಶ ಮಾತ್ರ.

ಸಯನ್ ಇಂಟರ್ನ್

ಅಮ್ಮ, ಅದು ಹಳೆಯ ನಿಯಮ. ಸಾಮಾನ್ಯ ವರ್ಗಕ್ಕೆ 25, ಮೀಸಲಾತಿಗೆ 30 ಅಂತ ಇತ್ತು. ಅದರ ವಿರುದ್ಧ ಕೋರ್ಟಿಗೆ ಹೋದವರು ತುಂಬ ಜನ. ಕೊನೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ ಮೇಲಿನ ವಯಸ್ಸಿನ ಮಿತಿಯನ್ನೇ ತೆಗೆಯಿತು. ಕನಿಷ್ಠ 17 ಆಗಿರಬೇಕು, ಅಷ್ಟೇ. ಎಷ್ಟು ಸಲ ಬೇಕಾದರೂ ಬರೆಯಬಹುದು.

ಘಾಟ್ಕೋಪರ್ ಮಾಸ್ತರ

2020ರಲ್ಲಿ ಒಡಿಶಾದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ 64ನೇ ವಯಸ್ಸಿನಲ್ಲಿ ನೀಟ್ ಪಾಸಾಗಿ ಸರ್ಕಾರಿ ಕಾಲೇಜು ಸೇರಿದ್ದು ಪೇಪರಿನಲ್ಲಿ ಬಂದಿತ್ತು. ಅವರೂ ಬಿಎಸ್‌ಸಿ ಮಾಡಿದವರೇ.

ಡೊಂಬಿವಲಿ ಅಮ್ಮ

ಪೇಪರಿನಲ್ಲಿ ಬರುವುದು ಸಾವಿರಕ್ಕೆ ಒಬ್ಬರ ಕಥೆ. ನಾನು ಸುಮ್ನೆ ಹೆದರಿಸುತ್ತಿಲ್ಲ ಮಗಳೇ, ಲೆಕ್ಕ ಹಾಕಿ ನೋಡು. ಒಂದು ವರ್ಷ ಓದಿ ಮೊದಲ ಸಲವೇ ಸಿಕ್ಕಿತು ಅಂದುಕೊಳ್ಳೋಣ, 24ಕ್ಕೆ ಸೇರಿದೆ. ಮುಗಿಯುವಾಗ 29 ಅರ್ಧ. ಮಹಾರಾಷ್ಟ್ರದ ಸರ್ಕಾರಿ ಸೀಟಾದರೆ ಒಂದು ವರ್ಷ ಕಡ್ಡಾಯ ಸರ್ಕಾರಿ ಸೇವೆ (ಬಾಂಡ್), ಇಲ್ಲವಾದರೆ 10 ಲಕ್ಷ ಕಟ್ಟು. ಆಮೇಲೆ ಎಂಡಿ ಮೂರು ವರ್ಷ. 34 ಆಗುತ್ತದೆ. ಎಂಬಿಬಿಎಸ್ ಓದುವ ವರ್ಷಗಳಲ್ಲಂತೂ ನಿನ್ನ ಸಂಬಳ ಮನೆಗೆ ಬರುವುದಿಲ್ಲ. ಅಪ್ಪನಿಗೆ ಆಗ ಎಷ್ಟು ವಯಸ್ಸು? ಮದುವೆ, ಮನೆ ಬಾಡಿಗೆ, ತಂಗಿ ತಮ್ಮಂದಿರ ಓದು? ನನ್ನ ಮಗಳೇ ಆಗಿದ್ದರೂ ಇದನ್ನೇ ಕೇಳುತ್ತಿದ್ದೆ.

ಪನ್ವೇಲ್ ಡಾಕ್ಟರ್

ಅಮ್ಮನವರ ಲೆಕ್ಕ ಸರಿ ಇದೆ. ಅದಕ್ಕೆ ನನ್ನ ಕಥೆ ಸೇರಿಸುತ್ತೇನೆ. ನಾನು ಜುವಾಲಜಿ ಬಿಎಸ್‌ಸಿ ಮಾಡಿ, 22ಕ್ಕೆ ಎಂಬಿಬಿಎಸ್ ಸೇರಿದವನು. ಆಗ ನೀಟ್ ಇರಲಿಲ್ಲ, ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌-ಸಿಇಟಿ ಇತ್ತು. ಅಪ್ಪ ಫೋರ್ಟ್‌ನಲ್ಲಿ ಕ್ಯಾಂಟೀನ್ ಕೆಲಸ. ಅವರೇ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮಾಡಿದವರು. ಹಗಲು ತಟ್ಟೆ ಲೋಟ, ರಾತ್ರಿ ಪಾಟಿ ಪುಸ್ತಕ. "ನಾನು 26ಕ್ಕೆ ಮೆಟ್ರಿಕ್ ಪಾಸಾದೆ, ನಿನಗೆ 22 ಯಾವ ಲೆಕ್ಕ" ಅಂದರು. ಆ ಮಾತು ಇಲ್ಲದಿದ್ದರೆ ನಾನು ಅರ್ಜಿಯೇ ಹಾಕುತ್ತಿರಲಿಲ್ಲ.

ಈಗ ಬಿಎಸ್‌ಸಿ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಬಯೋಕೆಮಿಸ್ಟ್ರಿಯಲ್ಲಿ ನನಗೆ ಉಸಿರಾಡಲು ಪುರುಸೊತ್ತು ಸಿಕ್ಕಿತು. ಕ್ರೆಬ್ಸ್ ಸೈಕಲ್ ಮೂರನೇ ಸಲ ಓದುತ್ತಿದ್ದೆ. ಅನಾಟಮಿಯಲ್ಲಿ ಮಾತ್ರ ಕಪ್ಪೆ ಕೊಯ್ದ ಅನುಭವ ಯಾವುದಕ್ಕೂ ಸಾಲಲಿಲ್ಲ. ಮನುಷ್ಯನ ಕೈಯ ಒಂದೊಂದು ನರದ ದಾರಿ ನೆನಪಿಡಬೇಕು. ಅಲ್ಲಿ 18ರ ಮಕ್ಕಳ ನೆನಪು ನನಗಿಂತ ಚುರುಕು. ಎರಡನೇ ವರ್ಷ ಪೆಥಾಲಜಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ ಬರುತ್ತದೆ. ಭಾಂಡುಪ್‌ನ ತಂಗಿ, ಅಲ್ಲಿ ನೀವು ಕ್ಲಾಸಿಗೇ ಪಾಠ ಹೇಳಬಹುದು.

ಆದರೆ ಇದೆಲ್ಲ ಸೇರಿದ ಮೇಲಿನ ಮಾತು. ಸೇರುವುದಕ್ಕೆ ಅಡ್ಡ ಬರುವುದು ಫಿಸಿಕ್ಸ್. 12 ಆದ ಮೇಲೆ ಮೈಕ್ರೋಬಯಾಲಜಿಯವರು ಅದನ್ನು ಮುಟ್ಟಿರುವುದಿಲ್ಲ.

ಭಾಂಡುಪ್ ಹುಡುಗಿ

ಡಾಕ್ಟ್ರೇ, ನಿಮ್ಮ ಅಪ್ಪನ ಮಾತು ಓದಿ ಕಣ್ಣು ತುಂಬಿ ಬಂತು. ಫಿಸಿಕ್ಸ್ ವಿಷಯ ಪೂರ್ತಿ ನಿಜ. ನಿನ್ನೆ ಹಳೆಯ ಪೇಪರ್ ತೆಗೆದು ನೋಡಿದೆ. ಬಯಾಲಜಿಯ 90ರಲ್ಲಿ 71 ಸರಿ ಆಯಿತು. ಫಿಸಿಕ್ಸ್‌ನ 45ರಲ್ಲಿ 6.

ಸಯನ್ ಇಂಟರ್ನ್

ಓದದೇ 71 ಅಂದರೆ ಒಳ್ಳೆಯ ಶುರು. ಒಟ್ಟು 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಸರಿಗೆ 4, ತಪ್ಪಿಗೆ 1 ಕಡಿತ. ಬಯಾಲಜಿಯೇ ಅರ್ಧ, 360. ಆದರೆ ಬಯಾಲಜಿಯಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ, ರ‍್ಯಾಂಕ್ ಬೇರೆ ಮಾಡುವುದು ಫಿಸಿಕ್ಸ್. 2025ರ ಫಿಸಿಕ್ಸ್ ಎಷ್ಟು ಕಷ್ಟ ಇತ್ತು ಅಂದರೆ ನನ್ನ ತಮ್ಮ ಅಳುತ್ತಾ ಹೊರಗೆ ಬಂದ. ಆ ವರ್ಷ ಬರೆದವರು 22 ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಅದರಲ್ಲಿ ನಮ್ಮಂಥವರು ಫೀಸು ಕಟ್ಟಬಹುದಾದ ಸರ್ಕಾರಿ ಸೀಟು ಹೆಚ್ಚುಕಡಿಮೆ ಅರ್ಧ.

ಒಂದು ಎಚ್ಚರಿಕೆ. ಬಿಎಸ್‌ಸಿ ಓದಿದವರು ಎನ್‌ಸಿಇಆರ್‌ಟಿ ಬಯಾಲಜಿಯನ್ನು "ಇದೆಲ್ಲ ಗೊತ್ತು" ಅಂತ ಬಿಡುತ್ತಾರೆ. ಪ್ರಶ್ನೆ ಬರುವುದು ಆ ಪುಸ್ತಕದ ಸಾಲಿನಿಂದಲೇ. ನಿಮಗೆ ಜಾಸ್ತಿ ಗೊತ್ತಿದ್ದರೆ ಕೆಲವು ಸಲ ಎರಡು ಉತ್ತರ ಸರಿ ಅನಿಸುತ್ತದೆ. ಪುಸ್ತಕದ ಉತ್ತರವನ್ನೇ ಬರೆಯಿರಿ.

ಪುಣೆಯಿಂದ

ಇಷ್ಟೆಲ್ಲ ಯಾಕೆ? ಎಂಎಸ್‌ಸಿ ಮೆಡಿಕಲ್ ಮಾಡಿ. ಮೆಡಿಕಲ್ ಕಾಲೇಜಿನ ಒಳಗೇ ಮೂರು ವರ್ಷದ ಕೋರ್ಸು. ಮೈಕ್ರೋಬಯಾಲಜಿ ತೆಗೆದುಕೊಂಡರೆ ನಿಮ್ಮ ವಿಷಯವೇ. ಆಮೇಲೆ ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡಬಹುದು. ನಾನು ಅದೇ ಮಾಡಿದ್ದು.

ಮೀರಾ ರೋಡ್

ಪುಣೆಯವರೇ, ಪೂರ್ತಿ ಹೇಳಿ. 2020ರಲ್ಲಿ ಆ ಬಾಗಿಲು ಹೇಗೆ ಮುಚ್ಚಿತು ಅಂತಲೂ ಹೇಳಬೇಕಲ್ಲ.

ಪುಣೆಯಿಂದ

ಹೇಳುತ್ತೇನೆ. ಮೊದಲು ಅನಾಟಮಿ, ಫಿಸಿಯಾಲಜಿಯಂಥ ವಿಭಾಗಗಳಲ್ಲಿ ಶೇ 30ರಷ್ಟು ಅಧ್ಯಾಪಕರು ನಮ್ಮಂಥ ಎಂಎಸ್‌ಸಿ, ಪಿಎಚ್‌ಡಿಯವರು ಇರಬಹುದಿತ್ತು. 2020ರ ನಿಯಮದಲ್ಲಿ ಅದು ಶೇ 15ಕ್ಕೆ ಇಳಿಯಿತು. ಮೈಕ್ರೋಬಯಾಲಜಿ, ಫಾರ್ಮಕಾಲಜಿಯಲ್ಲಿ ಪೂರ್ತಿ ತೆಗೆದೇಬಿಟ್ಟರು. ಆ ವರ್ಷಗಳಲ್ಲಿ ನಾನು ಎಂಟು ಕಡೆ ಅರ್ಜಿ ಹಾಕಿದೆ, ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಪ್ಯಾಂಡೆಮಿಕ್‌ನಲ್ಲಿ ಆರ್‌ಟಿಪಿಸಿಆರ್ ಮೆಶಿನ್ ಮುಂದೆ ಹಗಲು ರಾತ್ರಿ ಕೂತವರು ನಾವು, ಆ ಹೊತ್ತಿಗೇ ನಮ್ಮ ಕೆಲಸಕ್ಕೆ ಕುತ್ತು ಬಂತು. ಆ ನೋವು ಇನ್ನೂ ಹೋಗಿಲ್ಲ. 2025ರ ಹೊಸ ನಿಯಮದಲ್ಲಿ ಮತ್ತೆ ಬಾಗಿಲು ತೆರೆದಿದ್ದಾರೆ. ಅದಕ್ಕೇ ಈಗ ಧೈರ್ಯದಿಂದ ಹೇಳುತ್ತಿದ್ದೇನೆ.

ಪನ್ವೇಲ್ ಡಾಕ್ಟರ್

ನಿಮ್ಮ ಮೇಲೆ ಗೌರವ ಇಟ್ಟೇ ಹೇಳುತ್ತೇನೆ, ಆ ತಂಗಿ ಕೇಳಿದ್ದಕ್ಕೆ ಇದು ಉತ್ತರ ಅಲ್ಲ. ಎಂಎಸ್‌ಸಿ ಮೆಡಿಕಲ್ ಆದವರು ರೋಗಿಗೆ ಔಷಧಿ ಬರೆಯುವ ಹಾಗಿಲ್ಲ. ಆಕೆ ಆ ಮಗುವಿನ ಹಾಸಿಗೆ ಹತ್ತಿರ ನಿಲ್ಲಬೇಕು ಅಂತಿದ್ದಾಳೆ.

ಪುಣೆಯಿಂದ

ಲ್ಯಾಬಿನವರು ಸರಿಯಾದ ರಿಪೋರ್ಟ್ ಕೊಡದಿದ್ದರೆ ಹಾಸಿಗೆ ಪಕ್ಕ ನಿಂತ ಡಾಕ್ಟರು ಏನು ಮಾಡುತ್ತಾರೆ? ಆ ರಾತ್ರಿ ಫೋನ್ ಮಾಡಿದ್ದೇ ಚಿಕಿತ್ಸೆಯ ಮೊದಲ ಹೆಜ್ಜೆ. ಅದನ್ನು ಚಿಕ್ಕ ಕೆಲಸ ಅಂತ ಆಕೆ ಅಂದುಕೊಳ್ಳಬಾರದು, ಅಷ್ಟೇ ನನ್ನ ಆಸೆ.

ಪರೇಲ್ ಅಜ್ಜ

ಈ ಮಾತಿಗೆ ನಾನೂ ಒಂದು ಸೇರಿಸಬೇಕು. ನಲವತ್ತು ವರ್ಷ ಪರೇಲ್‌ನಲ್ಲಿದ್ದೇನೆ, ದಿನಾ ಬೆಳಿಗ್ಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನ ಗೇಟಿನ ಮುಂದೆ ನಡೆದು ಹೋಗುತ್ತೇನೆ. ಆ ಹಾಫ್‌ಕಿನ್ ಡಾಕ್ಟರ್ ಅಲ್ಲ ಅಂತ ಎಷ್ಟು ಜನರಿಗೆ ಗೊತ್ತು? ಒಡೆಸ್ಸಾದಲ್ಲಿ ಜುವಾಲಜಿ ಓದಿದವರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಇಲ್ಲಿಗೆ ಬಂದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಕೊಟ್ಟಿದ್ದು ಒಂದು ಪಡಸಾಲೆಯಷ್ಟು ಜಾಗ. ಅಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಜನ ಊರು ಬಿಟ್ಟು ಓಡುತ್ತಿದ್ದ ಕಾಲ ಅದು. ಎಂಬಿಬಿಎಸ್ ಇಲ್ಲದ ಒಬ್ಬ ವಿಜ್ಞಾನಿ ಈ ಊರನ್ನು ಹೇಗೆ ಕಾದರು ನೋಡಿ.

ಮೀರಾ ರೋಡ್

ಅಜ್ಜ, ಇದು ನನಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷ ಅಲ್ಲೇ ಇರುವ ಕೆಇಎಂ ಆಸ್ಪತ್ರೆಗೆ ಹೋಗಿ ಬಂದಿದ್ದೇನೆ, ಹಾಫ್‌ಕಿನ್ ಅಂದರೆ ಔಷಧಿ ಕಂಪನಿ ಹೆಸರು ಅಂದುಕೊಂಡಿದ್ದೆ.

ಭಾಂಡುಪ್ ಹುಡುಗಿ

ಪುಣೆಯ ಅಕ್ಕ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಲ್ಯಾಬ್ ಕೆಲಸ ಚಿಕ್ಕದು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಪ್ಲೇಟ್ ಮೇಲೆ ಕಾಲನಿ ಬಂದಿದ್ದನ್ನು ನೋಡಿದರೆ ಈಗಲೂ ಖುಷಿಯಾಗುತ್ತದೆ. ಆದರೆ ಕಾರ್ಕಳದಲ್ಲಿ ಅಜ್ಜಿಯನ್ನು ಎರಡು ವರ್ಷ ನೋಡಿಕೊಂಡೆನಲ್ಲ, ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಅದರಲ್ಲಿ ನನಗೆ ಬೇಸರವೇ ಆಗಲಿಲ್ಲ. ನನಗೆ ಎರಡೂ ಬೇಕು. ಕಾಯಿಲೆಯೂ ಗೊತ್ತಾಗಬೇಕು, ಕಾಯಿಲೆಯವರೂ ಕಣ್ಣ ಮುಂದೆ ಇರಬೇಕು.

ವಾಶಿ ಸೆಕ್ಟರ್ 9

ಹಾಗಾದರೆ ಹೊರದೇಶ ನೋಡಿ. ಅಮೆರಿಕದಲ್ಲಿ ಎಲ್ಲರೂ ಡಿಗ್ರಿ ಮುಗಿಸಿಯೇ ಮೆಡಿಕಲ್ ಸೇರುವುದು, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷ. ಇಂಗ್ಲೆಂಡ್, ಐರ್ಲೆಂಡ್‌ನಲ್ಲೂ ಪದವೀಧರರಿಗೆ ಅಂತಲೇ ನಾಲ್ಕು ವರ್ಷದ ಕೋರ್ಸ್ ಇದೆ. ಬಿಎಸ್‌ಸಿಗೆ ಬೆಲೆ ಕೊಡುವುದು ಅಲ್ಲೇ.

ಸಯನ್ ಇಂಟರ್ನ್

ಬೆಲೆ ಕೊಡುತ್ತಾರೆ ನಿಜ, ಆದರೆ ಫೀಸು ಕೇಳಿದರೆ ಮುಲುಂಡ್‌ನ ಹೋಟೆಲೇ ಮಾರಬೇಕು. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಎನ್‌ಎಂಸಿಯ 2021ರ ನಿಯಮದ ಪ್ರಕಾರ, ಹೊರಗೆ ಓದಿ ಇಲ್ಲಿ ಪ್ರಾಕ್ಟೀಸ್ ಮಾಡಬೇಕಾದರೆ ಆ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲಿ ಇರಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್ ಆಗಿರಬೇಕು. ನಾಲ್ಕು ವರ್ಷ ಅಂದರೆ 48 ತಿಂಗಳು. ಲೆಕ್ಕ ನೀವೇ ಮಾಡಿ. ಏಜೆಂಟರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ವಾಶಿ ಸೆಕ್ಟರ್ 9

54 ತಿಂಗಳ ವಿಷಯ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಕುರ್ಲಾ ಪೂರ್ವ

ನನ್ನ ಅಕ್ಕನ ಮಗ ಹೊರದೇಶಕ್ಕೆ ಹೋಗಿ ಓದಿ ಬಂದ. ಇಲ್ಲಿ ಎಫ್‌ಎಂಜಿಇ ಅಂತ ಪರೀಕ್ಷೆ, 300ಕ್ಕೆ 150 ಬೇಕು. ಮೂರು ಸಲ ಬರೆದ. ಆ ಒಂದೂವರೆ ವರ್ಷ ಅಕ್ಕನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಈಗ ಪಾಸಾಗಿದ್ದಾನೆ, ಒಳ್ಳೆಯ ಡಾಕ್ಟರ್ ಆಗಿದ್ದಾನೆ. ಆದರೆ ಸಾಲ ಇನ್ನೂ ತೀರಿಲ್ಲ.

ಮಡಗಾಂವ್ ಕನ್ನಡಿಗ

ಗೋವಾ ಮೆಡಿಕಲ್ ಕಾಲೇಜ್ ಬಗ್ಗೆ ಯಾರೂ ಹೇಳಲಿಲ್ಲ. ಬಾಂಬೋಳಿಯಲ್ಲಿದೆ. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿ ಶುರುವಾದ ಶಾಲೆಯಿಂದ ಬೆಳೆದದ್ದು.

ಘಾಟ್ಕೋಪರ್ ಮಾಸ್ತರ

ಅಲ್ಲಿನ ರಾಜ್ಯ ಸೀಟು ಗೋವಾದ ನಿವಾಸಿಗಳಿಗೆ. ಇವಳಿಗೆ ಅಲ್ಲಿ ಸಿಗಬಹುದಾದದ್ದು ಅಖಿಲ ಭಾರತ ಕೋಟಾದ ಶೇ 15 ಮಾತ್ರ. ಆ ಶೇ 15 ಎಲ್ಲಾ ರಾಜ್ಯದ ಸರ್ಕಾರಿ ಕಾಲೇಜಲ್ಲೂ ಇದೆ. ಮುಂಬಯಿಯ ಕೆಇಎಂ, ನಾಯರ್, ಸಯನ್, ಜೆಜೆಯಲ್ಲೂ ಇದೆ. ಯಾವ ರಾಜ್ಯದವರು ಅಂತ ಕೇಳುವುದಿಲ್ಲ, ರ‍್ಯಾಂಕ್ ಮಾತ್ರ. ಆದರೆ ಆ ಕಾಲೇಜುಗಳಿಗೆ ದೇಶವೇ ಮುಗಿಬೀಳುತ್ತದೆ.

ಭಾಂಡುಪ್ ಹುಡುಗಿ

ಉಳಿದ ಶೇ 85ರಲ್ಲಿ ನಾನು ಎಲ್ಲಿಗೆ ಸೇರುತ್ತೇನೆ ಮಾಸ್ತರೇ? ಹುಟ್ಟಿದ್ದು ಇಲ್ಲೇ, ರೇಷನ್ ಕಾರ್ಡ್ ಇಲ್ಲಿಯದೇ, ಮರಾಠಿ ಓದಲು ಬರೆಯಲು ಬರುತ್ತದೆ.

ಘಾಟ್ಕೋಪರ್ ಮಾಸ್ತರ

ಬೇಜಾರಿನಿಂದ ಹೇಳುತ್ತಿದ್ದೇನೆ. ಮಹಾರಾಷ್ಟ್ರದ ರಾಜ್ಯ ಕೋಟಾಕ್ಕೆ ಡೊಮಿಸೈಲ್ (ನಿವಾಸಿ ಪ್ರಮಾಣಪತ್ರ) ಒಂದೇ ಸಾಲದು. 10 ಮತ್ತು 12 ಎರಡೂ ಇಲ್ಲೇ ಪಾಸಾಗಿರಬೇಕು. ನಿಮ್ಮ 12 ಕಾರ್ಕಳದಲ್ಲಿ ಆಗಿದೆ. ಊರಿಗೆ ಹೋಗಿ ಪಿಯುಸಿ ಓದಿದ ನಮ್ಮ ಮಕ್ಕಳು ತುಂಬ ಜನ ಇದೇ ಕಲ್ಲಿಗೆ ಎಡವಿದ್ದಾರೆ.

ಡೊಂಬಿವಲಿ ಅಮ್ಮ

ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಅಂತಾರೆ. ಇವಳು ಓದಿದ್ದು ಎರಡು. ಪಾಪ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಅಜ್ಜಿಯ ಸೇವೆ ಮಾಡಿದ್ದಕ್ಕೆ ಹೀಗೆ ಆಗಬಾರದಿತ್ತು.

ಮುಲ್ಕಿ–ಮಲಾಡ್

ತಡೆಯಿರಿ ಮಾರಾಯ್ರೆ, ಇಷ್ಟು ಬೇಗ ಕೈ ಬಿಡಬೇಡಿ! ನನ್ನ ಮಗಳದ್ದೂ ಹೀಗೇ ಇತ್ತು. ನಾನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮ ಪುಸ್ತಕವನ್ನು ಸಾಲು ಸಾಲು ಓದಿದವನು.

7 ವರ್ಷ ಅಭ್ಯರ್ಥಿಯೇ ಓದಿರಬೇಕು ಅನ್ನುವುದು 'ಎ' ಕಲಂ. ಅದರ ಕೆಳಗೆ 'ಬಿ' ಕಲಂ ಇದೆ. ಅಭ್ಯರ್ಥಿ ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಸಾಕು. ನನ್ನ ಮಗಳು ಈ ಕಲಂನಲ್ಲೇ ಹೋದದ್ದು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆ ಕಲಂಗಳೂ ಇವೆ. ಜತ್ತ, ಅಕ್ಕಲಕೋಟೆ ಕಡೆಯವರು ಅವನ್ನು ನೋಡಿಕೊಳ್ಳಬೇಕು. ಆದರೆ ನಿಮಗೆ 'ಬಿ' ಸಾಕು.

ಮಗಾ, ನಿಮ್ಮ ಅಪ್ಪ ಅಮ್ಮ ಎಲ್ಲಿಯವರೆಗೆ ಓದಿದ್ದಾರೆ?

ಭಾಂಡುಪ್ ಹುಡುಗಿ

ಅಮ್ಮ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಅಪ್ಪ ಊರಲ್ಲಿ ಏಳನೇ ಕ್ಲಾಸ್. ಪಾಸಾದ ವರ್ಷವೇ ಮಾವನ ಜೊತೆ ಬಸ್ಸು ಹತ್ತಿ ಬಂದು ಹೋಟೆಲು ಸೇರಿದರು. "ನಾನು ಏಳನೇ ಕ್ಲಾಸಿನವ" ಅಂತ ಹೇಳಿಕೊಳ್ಳಲು ಅವರಿಗೆ ಈಗಲೂ ನಾಚಿಕೆ.

ಮುಲ್ಕಿ–ಮಲಾಡ್

ಒಂದರಿಂದ ಏಳು. ಏಳು ವರ್ಷ ಸರಿಯಾಗಿ ಆಯಿತಲ್ಲ!

ಪನ್ವೇಲ್ ಡಾಕ್ಟರ್

ಇದನ್ನು ಓದಿ ಕೂತಲ್ಲಿಂದ ಎದ್ದೆ. ತಂಗಿ, ಇವತ್ತೇ ಅಪ್ಪನಿಗೆ ಹೇಳಿ.

ಥಾಣೆ ನಿವಾಸಿ

ನೀಟ್ ಪೇಪರ್ ಕನ್ನಡದಲ್ಲೂ ಬರುತ್ತದೆ ಅಲ್ವಾ? ಅದು ಇವಳಿಗೆ ಸಹಾಯ ಆಗಬಹುದೇ?

ಸಯನ್ ಇಂಟರ್ನ್

ಬರುತ್ತದೆ, 13 ಭಾಷೆಯಲ್ಲಿ ಕನ್ನಡವೂ ಒಂದು. ಆದರೆ ಕನ್ನಡ ಪೇಪರ್ ಬೇಕಾದರೆ ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಬಿಎಸ್‌ಸಿ ಇಂಗ್ಲಿಷಿನಲ್ಲಿ ಆಗಿರುವುದರಿಂದ ಇವರಿಗೆ ಬೇಕಾಗಲಿಕ್ಕಿಲ್ಲ.

ಡೊಂಬಿವಲಿ ಅಮ್ಮ

ನನ್ನ ಹೆದರಿಕೆ ಇನ್ನೂ ಹೋಗಿಲ್ಲ ಮಗಳೇ, ಸುಳ್ಳು ಹೇಳುವುದಿಲ್ಲ. ಕೆಲಸ ಪೂರ್ತಿ ಬಿಡಬೇಡ. ರಾತ್ರಿ ಪಾಳಿ ಬಿಟ್ಟು ಅರ್ಧ ದಿನದ ಕೆಲಸ ಕೇಳು. ಎಷ್ಟು ಸಲ ಬರೆಯುತ್ತೀ ಅಂತ ಈಗಲೇ ತೀರ್ಮಾನ ಮಾಡು. ಎರಡು ಸಲ ಅಂದರೆ ಎರಡೇ. ಐದು ವರ್ಷ ನೀಟ್ ಬರೆದು ಕೂತ ಹುಡುಗನನ್ನು ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. ಅವನು ಈಗ ಯಾರ ಮುಖವನ್ನೂ ನೋಡುವುದಿಲ್ಲ.

ಪುಣೆಯಿಂದ

ಅಮ್ಮನವರ ಈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಎರಡು ಸಲ ಆದ ಮೇಲೂ ಸಿಗದಿದ್ದರೆ ನನಗೆ ಬರೆಯಿರಿ, ಎಂಎಸ್‌ಸಿ ಮೆಡಿಕಲ್ ಅರ್ಜಿ ನಾನೇ ತುಂಬಿಸಿ ಕೊಡುತ್ತೇನೆ.

ಕುರ್ಲಾ ಪೂರ್ವ

ಓದಲು ಮನೆಯಲ್ಲಿ ಜಾಗ ಇದೆಯಾ? ಇಲ್ಲದಿದ್ದರೆ ಹತ್ತಿರ ಅಭ್ಯಾಸಿಕಾ (ಓದುವ ಕೋಣೆ) ಇದೆಯೇ ವಿಚಾರಿಸು. ನನ್ನ ಮಗ ಸಿಎ ಓದಿದ್ದು ಪೂರ್ತಿ ಅಂಥಾ ಒಂದು ಕೋಣೆಯಲ್ಲೇ. ತಿಂಗಳಿಗೆ ಸ್ವಲ್ಪ ದುಡ್ಡು, ಟ್ಯೂಬ್‌ಲೈಟು, ಫ್ಯಾನು, ಯಾರೂ ಮಾತಾಡುವುದಿಲ್ಲ.

ಭಾಂಡುಪ್ ಹುಡುಗಿ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ನಿನ್ನೆ ರಾತ್ರಿ ಅಪ್ಪ ಹೋಟೆಲ್ ಮುಚ್ಚಿ ಬಂದ ಮೇಲೆ ಹೇಳಿದೆ. ಮೊದಲು ಅವರಿಗೆ ಅರ್ಥ ಆಗಲಿಲ್ಲ. "ನನ್ನ ಏಳನೇ ಕ್ಲಾಸು ನಿನಗೆ ಯಾಕೆ?" ಅಂದರು. ಕಲಂ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು. ಮತ್ತೆ ಓದಿದೆ. ಊಟದ ತಟ್ಟೆ ಮುಂದೆ ತುಂಬ ಹೊತ್ತು ಸುಮ್ಮನೆ ಕೂತರು. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೇ ಊರಿನ ಶಾಲೆಗೆ ಫೋನ್ ಮಾಡಿದ್ದಾರೆ. ಶಾಲೆ ಈಗಲೂ ಇದೆ. ಹೆಡ್‌ಮಾಸ್ತರರು ಹಳೆಯ ದಾಖಲಾತಿ ಪುಸ್ತಕ ತೆಗೆಸಿ, ಮಧ್ಯಾಹ್ನ ವಾಪಸ್ ಫೋನ್ ಮಾಡಿದರು. ಒಂದರಿಂದ ಏಳರವರೆಗೆ ಪ್ರತಿ ವರ್ಷವೂ ಅಪ್ಪನ ಹೆಸರು ಇದೆಯಂತೆ. ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ಇಡೀ ಶಾಲೆಗೆ ಮೊದಲಂತೆ. ಇದನ್ನು ಅಪ್ಪ ನಮಗೆ ಯಾವತ್ತೂ ಹೇಳಿರಲಿಲ್ಲ.

ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದಾರೆ. ಸರ್ಟಿಫಿಕೇಟು ತರಲು ತಾನೇ ಹೋಗಬೇಕಂತೆ.

ಮುಲ್ಕಿ–ಮಲಾಡ್

ತುಂಬ ಸಂತೋಷ ಆಯಿತು ಮಗಾ. ಒಂದು ಮಾತು ಅಪ್ಪನಿಗೆ ಮರೆಯದೆ ಹೇಳು. ಹೆಡ್‌ಮಾಸ್ತರರ ಸಹಿ ಒಂದೇ ಸಾಲದು. ಅದೇ ಕಾಗದದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಸಹಿ, ಸೀಲು ಬೇಕು. ನಾನು ಅದನ್ನು ಬಿಟ್ಟು ಬಂದು, ಮತ್ತೊಮ್ಮೆ ಊರಿಗೆ ಹೋಗಬೇಕಾಯಿತು. ಭಾನುವಾರ ಆಫೀಸು ಇರುವುದಿಲ್ಲ, ಸೋಮವಾರವೂ ರಜೆ ಹಾಕಲಿ. ನಿನ್ನ ಪಿಯುಸಿ ಎರಡು ವರ್ಷದ ವ್ಯಾಸಂಗ ಪತ್ರವನ್ನೂ ಹಾಗೇ ತರಿಸಿಕೋ.

ಸಯನ್ ಇಂಟರ್ನ್

ನನ್ನ ತಮ್ಮನ ಫಿಸಿಕ್ಸ್ ಪುಸ್ತಕ, ನೋಟ್ಸ್ ಎಲ್ಲಾ ಒಂದು ಚೀಲ ತುಂಬ ಇದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಯನ್ ಸ್ಟೇಷನ್ ಹತ್ತಿರ ಬನ್ನಿ, ಕೊಡುತ್ತೇನೆ. ಮೊದಲು ಕೈನೆಮ್ಯಾಟಿಕ್ಸ್ ಶುರು ಮಾಡಿ. ಗೊತ್ತಾಗದಿದ್ದರೆ ಫೋಟೊ ತೆಗೆದು ಕಳಿಸಿ, ಡ್ಯೂಟಿ ಮುಗಿದ ಮೇಲೆ ಬಿಡಿಸಿ ಹೇಳುತ್ತೇನೆ.

ಭಾಂಡುಪ್ ಹುಡುಗಿ

ಬರುತ್ತೇನೆ ಅಣ್ಣ. ದೊಡ್ಡ ಚೀಲ ನಾನೇ ತರುತ್ತೇನೆ.